ಹತ್ತು ನಿಮಿಷಕ್ಕೆ ತಪ್ಪುವ ಬಸ್ಸು

ಲಮ್ಮೊಯ್, ನಾರ್ವೆ ದೇಶ
ತಾ. 2-11-1958

ಪ್ರೀತಿಯ ಉಮ್ಮನಿಗೆ ಮಗ ಅಬ್ದುಲ್ ಶುಕೂರನ ಸಲಾಂ.

ನಾನು ಕ್ಷೇಮ. ನೀವೂ ತಂಗಿ ಬೀಬಿಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ನಿಮಗೆ ಓದಿ ಹೇಳುವವರು ರಮಾನಾಥ ಮಾಷ್ಟ್ರು ಎಂದು ಗೊತ್ತಿರುವುದರಿಂದ ಶುದ್ಧ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವರು ಇಷ್ಟು ದೂರಕ್ಕೂ ಬೆತ್ತ ಬೀಸಿಯಾರು.

ಮುಖ್ಯ ವಿಷಯ ಏನೆಂದರೆ, ಕಳೆದ ತಿಂಗಳು ಹಡಗಿನಲ್ಲಿ ಒಂದು ಘಟನೆ ನಡೆಯಿತು. ಅದರ ವಿವರ ಈಗ ಬೇಡ. ಅದರ ಪರಿಣಾಮವಾಗಿ ನನಗೆ ಆರು ತಿಂಗಳ ದ್ವೀಪಾಂತರವಾಗಿದೆ. ಹಡಗು ನನ್ನನ್ನು ಬಿಟ್ಟು ಹೋಯಿತು. ಇಲ್ಲಿ ನನ್ನನ್ನು ನೋಡಿಕೊಳ್ಳಲು ಒಬ್ಬರು ಹೆಂಗಸು ಇದ್ದಾರೆ. ಬಹಳ ಶಿಸ್ತು. ಹೊರಗೆ ಹೋಗಲು ಬಿಡುವುದಿಲ್ಲ, ನನ್ನ ಬೂಟುಗಳನ್ನು ಕೂಡ ಅಡಗಿಸಿ ಇಟ್ಟಿದ್ದಾರೆ. ಹೊತ್ತು ಹೊತ್ತಿಗೆ ಮೀನು, ಬಟಾಟೆ ಕೊಡುತ್ತಾರೆ. ಅವಧಿ ಮುಗಿದ ಮೇಲೆ ಬಿಡುತ್ತಾರೆ. ನೀವು ಚಿಂತೆ ಮಾಡಬಾರದು.

ಮಾಣಿಯವರ ಕಡೆಯ ಮಾತುಕತೆ ಎಲ್ಲಿಗೆ ಬಂತು? ತಂದೆಯಿಲ್ಲದ ಮನೆಯಲ್ಲಿ ಬೀಬಿಯ ನಿಕಾಹಿಗೆ ವಲಿಯಾಗಿ ಕೂರಬೇಕಾದವನು ಅಣ್ಣನಾದ ನಾನೇ. ನಾನಿಲ್ಲದೆ ದಿನ ಗೊತ್ತು ಮಾಡಬೇಡಿ. ಬಂದೇ ಬರುತ್ತೇನೆ.

ನಿಮ್ಮ ಮಗ,
ಶುಕೂರ್


ಪಾಣೆಮಂಗಳೂರು
ತಾ. 28-11-1958

ಶುಕೂರನಿಗೆ,

ಆಶೀರ್ವಾದ ಕೊನೆಯಲ್ಲಿ ಇದೆ. ಮೊದಲು ಬೈಗುಳ.

ನಿನ್ನ ಪತ್ರ ಬಂದ ದಿನ ನಾನು ಅಕ್ಕನ ಮನೆಗೆಂದು ಮೂಡುಬಿದಿರೆಗೆ ಹೋಗಿದ್ದೆ. ಬೀಯಮ್ಮ ಎರಡು ದಿನ ಕಾಯಬಹುದಿತ್ತು. ಮೂರು ವರ್ಷದಿಂದ ಮುಖ ತೋರಿಸದ ಮಗನ ಪತ್ರ ಕೈಯಲ್ಲಿರುವಾಗ ಯಾವ ತಾಯಿ ಕಾಯುತ್ತಾಳೆ? ದೋಣಿ ಇಳಿದವರೇ ಕಡವಿನ ಬಳಿಯ ಶೀನಪ್ಪನ ಹೋಟೆಲಿಗೆ ಹೋಗಿ ಅವನ ಕೈಯಲ್ಲಿ ಕೊಟ್ಟರು. ಶೀನಪ್ಪ ಎಂಟನೇ ಕ್ಲಾಸು ಪಾಸು, ಗಂಟಲು ಚೆಂಡೆಯ ಹಾಗೆ. ಸಂತೆಯ ದಿನ ಬೇರೆ. ಇಪ್ಪತ್ತು ಜನ ಚಹಾ ಕುಡಿಯುತ್ತಿದ್ದರಂತೆ. "ಆರು ತಿಂಗಳ ದ್ವೀಪಾಂತರವಾಗಿದೆ" ಎಂದು ಅವನು ಓದಿದಾಗ ಇಪ್ಪತ್ತು ಗ್ಲಾಸೂ ಅಲ್ಲಲ್ಲೇ ನಿಂತವಂತೆ.

ಮಾರಾಯ, ದ್ವೀಪಾಂತರ ಎಂದರೆ ನಮ್ಮ ಕಡೆ ಏನೆಂದು ನಿನಗೆ ಗೊತ್ತಿಲ್ಲವೇ? ಬ್ರಿಟಿಷರ ಕಾಲದಲ್ಲಿ ಕೊಲೆ ಮಾಡಿದವನನ್ನು ಅಂಡಮಾನಿಗೆ ಸಾಗಿಸುತ್ತಿದ್ದ ಶಿಕ್ಷೆ! ಅದರ ಮೇಲೆ "ಘಟನೆಯ ವಿವರ ಬೇಡ" ಅಂತೆ, "ಹೊರಗೆ ಬಿಡುವುದಿಲ್ಲ" ಅಂತೆ, "ಅವಧಿ ಮುಗಿದ ಮೇಲೆ ಬಿಡುತ್ತಾರೆ" ಅಂತೆ! ಪೊಲೀಸರು ಕೂಡ ಇಷ್ಟು ಚೆನ್ನಾಗಿ ಕೇಸು ಬರೆಯಲಾರರು.

ತಪ್ಪು ನನ್ನದೂ ಉಂಟು. ದೇಶಾಂತರ, ರೂಪಾಂತರ, ಗ್ರಾಮಾಂತರ ಎಂದು ಏಳನೇ ಕ್ಲಾಸಿನಲ್ಲಿ ಬರೆಸಿ, "ಹೀಗೆಯೇ ನೀವೂ ಪದ ಕಟ್ಟಿ" ಎಂದು ಹೇಳಿದವನು ನಾನೇ. ನೀನು ಕಟ್ಟಿದೆ. ಆದರೆ ಹುಟ್ಟಿ ಬೆಳೆದದ್ದು ಎಲ್ಲಿ ಎಂಬುದಾದರೂ ನೆನಪಿರಬೇಡವೇ? ನಿಮ್ಮ ನಡುಕುದ್ರು ಏನು? ನಾಲ್ಕೂ ಕಡೆ ನೇತ್ರಾವತಿ, ಮಧ್ಯೆ ಏಳು ಮನೆ. ಅದೂ ದ್ವೀಪವೇ. "ನನ್ನನ್ನು ಒಂದು ಕುದ್ರುವಿನಲ್ಲಿ ಇಳಿಸಿದ್ದಾರೆ" ಎಂದು ಬರೆದಿದ್ದರೆ ನಿನ್ನ ಉಮ್ಮ "ದೋಣಿ ಉಂಟಂತೋ?" ಎಂದು ಕೇಳಿ ಸುಮ್ಮನಾಗುತ್ತಿದ್ದರು.

ಈಗ ಕೇಳು. ಸುದ್ದಿ ಅದೇ ಸಂಜೆ ಬಂಟ್ವಾಳ ಪೇಟೆ ಸೇರಿತು, ಮರುದಿನ ಮೊದಲ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಯಿತು. ಮಾಣಿಗೆ ಮಾತ್ರ ಹೋಗದೆ ಇರುತ್ತದೆಯೇ? ಬೀಬಿಯನ್ನು ತಮ್ಮ ಮಗ ಅಬ್ದುಲ್ ರಹಿಮಾನನಿಗೆ ಕೇಳಿದ್ದ ಮಹಮ್ಮದ್ ಕುಂಞಿ ಸಾಹೇಬರು ಮಾತುಕತೆ ನಿಲ್ಲಿಸಿದ್ದಾರೆ. ಮುರಿದಿಲ್ಲ, ನಿಲ್ಲಿಸಿದ್ದಾರೆ. ಬೀಬಿ ನೀರಿಗೆ ಹೋದವಳು ಕೊಡ ತುಂಬಿದ ಮೇಲೂ ಹೊಳೆ ನೋಡುತ್ತಾ ನಿಂತಿರುತ್ತಾಳೆ ಎಂದು ದೋಣಿಯ ಚಿನ್ನಯ್ಯ ಹೇಳಿದ.

ಒಂದೇ ಪ್ರಶ್ನೆ, ನೇರ ಉತ್ತರ ಬೇಕು. ನೀನು ಯಾರಿಗಾದರೂ ಏನಾದರೂ ಮಾಡಿದ್ದೀಯಾ?

ಆಶೀರ್ವಾದಗಳು. ಉತ್ತರ ಬಂದ ಮೇಲೆ ಅದು ಗಟ್ಟಿ.

ರಮಾನಾಥ ಮಾಷ್ಟ್ರು


ಲಮ್ಮೊಯ್
ತಾ. 20-12-1958

ಪೂಜ್ಯ ಮಾಷ್ಟ್ರಿಗೆ ನಮಸ್ಕಾರಗಳು.

ನಾನು ಯಾರಿಗೂ ಏನೂ ಮಾಡಲಿಲ್ಲ. ಮಾಡಿದ್ದು ಹಡಗಿನ ಹಲಗೆ. ಸಾಮಾನು ಇಳಿಸುವ ಕಂಡಿಯ ಮುಚ್ಚಳ ಜಾರಿ ನನ್ನ ಎಡಗಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಆಸ್ಪತ್ರೆಯಲ್ಲಿ ಕೂಡಿಸಿ, ಆರು ತಿಂಗಳು ಹಡಗು ಹತ್ತಬಾರದು ಎಂದರು. ನಮ್ಮ ಹಡಗಿನ ದೊಡ್ಡ ಅಡಿಗೆಯವ ಊಲಾಫ್, ನಾನು ಅವನ ಕೈಕೆಳಗಿನವನು. ಪೇಟೆಯಲ್ಲಿ ಒಬ್ಬನೇ ಬಿದ್ದಿರುವುದು ಬೇಡ ಎಂದು ತನ್ನ ತಾಯಿ ಇರುವ ದ್ವೀಪಕ್ಕೆ ನನ್ನನ್ನು ತಂದು ಬಿಟ್ಟು ಹಡಗಿಗೆ ಹೋದ. ತಾಯಿಯ ಹೆಸರು ಇಂಗಾ. ಎಪ್ಪತ್ತು ವರ್ಷ. ಹೊರಗೆ ಮಂಜುಗಡ್ಡೆ, ಜಾರಿದರೆ ಕೂಡಿದ ಎಲುಬು ಮತ್ತೆ ಮುರಿಯುತ್ತದೆ ಎಂದು ನನ್ನ ಬೂಟು ಅಡಗಿಸಿದ್ದಾರೆ. ಇಷ್ಟೇ ನನ್ನ ಕೊಲೆ ಕೇಸು.

ಈ ಊರಿನವರಿಗೆ ದ್ವೀಪ ಎಂದರೆ "ಒಯ್". ಲಮ್ ಎಂದರೆ ಕುರಿಮರಿ. ಕುರಿಮರಿಯ ಕುದ್ರು! ಸುತ್ತಮುತ್ತ ಇರುವ ದ್ವೀಪಗಳ ಹೆಸರಿಗೆಲ್ಲ ಕೊನೆಯಲ್ಲಿ ಒಯ್, ಒಯ್. ಮೊದಲ ದಿನ ಜೆಟ್ಟಿಯಲ್ಲಿ ಯಾರೋ ದ್ವೀಪದ ಹೆಸರು ಕೂಗಿದಾಗ ನನಗೆ ನಮ್ಮ ಕಡವಿನಲ್ಲಿ ಚಿನ್ನಯ್ಯನನ್ನು "ಓಯ್!" ಎಂದು ಕರೆದಂತಾಯಿತು. ತಿರುಗಿ ನೋಡಿದೆ. ಸಮುದ್ರ ಬಿಟ್ಟರೆ ಏನೂ ಇರಲಿಲ್ಲ. ಆಗ ನನಗೆ ಅಳು ಬಂದದ್ದು ಕಾಲು ನೋವಿನಿಂದ ಅಲ್ಲ.

ಚಳಿಗಾಲದಲ್ಲಿ ಇಲ್ಲಿ ಸೂರ್ಯ ಹತ್ತು ಗಂಟೆಗೆ ಬಂದು ಎರಡೂವರೆಗೆ ಹೋಗುತ್ತಾನೆ. ಮಧ್ಯಾಹ್ನದ ನಮಾಜು ಮುಗಿಸಿ ಚಾಪೆ ಮಡಚುವ ಮೊದಲೇ ಮುಂದಿನದರ ಹೊತ್ತು. ನಾನು ಚಾಪೆ ಹಾಸಿದ ಕೂಡಲೇ ಇಂಗಾ ಅಮ್ಮ ರೇಡಿಯೋ ಸಣ್ಣ ಮಾಡುತ್ತಾರೆ. ಅವರಿಗೂ ನನಗೂ ಸಾಮಾನ್ಯವಾದ ಭಾಷೆ ಮೀನು ಒಂದೇ.

ಮಾಷ್ಟ್ರೇ, ಒಂದು ಉಪಕಾರ. ಕಾಲಿನ ವಿಷಯ ಉಮ್ಮನಿಗೆ ಓದಬೇಡಿ. ಹಡಗಿಗೆ ಹೋಗಬೇಡ, ಕೈಕಾಲು ಮುರಿದುಕೊಂಡು ಬರ್ತಿ ಎಂದು ಅವರು ಹೇಳಿದ್ದರು. ಅವರು ಒಳಗೆ ಗಂಜಿ ಬಸಿಯುತ್ತಿದ್ದಾಗ ನಾನು ಹೇಳದೆ ದೋಣಿ ಹತ್ತಿದೆ. ನೀವು ಹೇಳಿದ್ದೇ ನಿಜವಾಯಿತು ಉಮ್ಮ ಎಂದು ಯಾವ ಮುಖದಲ್ಲಿ ಬರೆಯಲಿ? ಬೇರೆ ಏನಾದರೂ ಹೇಳಿ. ನೀವು ಮಾಷ್ಟ್ರು, ನಿಮಗೆ ತೋಚುತ್ತದೆ.

ನಿಮ್ಮ ವಿದ್ಯಾರ್ಥಿ,
ಶುಕೂರ್


ನಡುಕುದ್ರು
ತಾ. 15-1-1959

ಶುಕೂರನಿಗೆ ಅವನ ಉಮ್ಮ ಬೀಯಮ್ಮ ಹೇಳಿ ಬರೆಸುವುದು. (ಬರೆಯುವವನು ರಮಾನಾಥ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದೇನೆ.)

"ಮಾಷ್ಟ್ರು ನಿನ್ನ ಪತ್ರ ಓದುವಾಗ ಮಧ್ಯದಲ್ಲಿ ಒಮ್ಮೆ ಕೆಮ್ಮಿದರು. ಕನ್ನಡಕ ಒರೆಸಿದರು. ನನಗೆ ಅಕ್ಷರ ಬರುವುದಿಲ್ಲ, ಆದರೆ ಮನುಷ್ಯರ ಮುಖ ಓದ್ಲಿಕ್ಕೆ ಬರ್ತದೆ. 'ಮಾಷ್ಟ್ರೇ, ಒಂದು ಸಾಲು ಹಾರಿಸಿದಿರಿ, ಹಿಂದೆ ಹೋಗಿ' ಎಂದೆ. ಪಾಪ, ಅವರು ಹೋದರು.

ಕಾಲು ಮುರಿದದ್ದಾ? ಅಷ್ಟೇಯಾ? ಅಲ್ಲಾ, ನಾನು ಎರಡು ತಿಂಗಳು ಯಾರ ರಕ್ತ ನಿನ್ನ ಕೈಯಲ್ಲಿ ಉಂಟೋ ಎಂದು ನಿದ್ದೆ ಮಾಡಲಿಲ್ಲ! ಕಾಲು ಮುರಿದದ್ದು ಎಂದು ಕೇಳಿ ನಾನು ನಕ್ಕೆ. ಬೀಬಿಯೂ ನಕ್ಕಳು. ಮಗನ ಕಾಲು ಮುರಿದದ್ದಕ್ಕೆ ನಕ್ಕ ತಾಯಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ಒಳಗೆ ಹೋಗಿ ಅತ್ತೆ, ಅದು ಬೇರೆ.

ನನ್ನ ಮಾತು ನಿಜ ಆಯ್ತೆಂದು ನಿನಗೆ ನಾಚಿಕೆಯಾ? ನನ್ನ ಎಲ್ಲ ಮಾತೂ ನಿಜವೇ ಆಗುವುದು. ಈಗ ಇನ್ನೊಂದು ಹೇಳ್ತೇನೆ ಕೇಳು: ನೀನು ಬರ್ತಿ. ಅದೂ ನಿಜ ಆಗಬೇಕು."

ಇಲ್ಲಿಗೆ ಬೀಯಮ್ಮನ ಮಾತು ಮುಗಿಯಿತು. ಇನ್ನು ನನ್ನದು. ನಿನ್ನ ಪತ್ರ ಹಿಡಿದುಕೊಂಡು ನಾನೇ ಮಾಣಿಗೆ ಹೋದೆ. ಮಹಮ್ಮದ್ ಕುಂಞಿ ಸಾಹೇಬರನ್ನು ನೀನು ಬಲ್ಲೆ. ಮಾಣಿಯ ಕೂಡುರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಬಸ್ಸಿನ ಏಜೆಂಟು. ಸೀಟಿ ಹಾಕಿ ಬಸ್ಸು ಬಿಡುವುದರಲ್ಲಿ ಅವರ ಅಪ್ಪನಿಗಾಗಿಯೂ ಒಂದು ನಿಮಿಷ ಕಾದವರಲ್ಲ. ಪತ್ರ ಪೂರ್ತಿ ಕೇಳಿ ಹೇಳಿದರು:

"ಮಾಷ್ಟ್ರೇ, ಕಾಲು ಮುರಿದ ಕತೆ ಯಾರಿಗೂ ಕಟ್ಲಿಕ್ಕೆ ಆಗ್ತದೆ. ನನಗೆ ಒಂದೇ ಗೊತ್ತಾಗ್ಬೇಕು. ಜೈಲಿಗೆ ಹೋಗುವ ದಾರಿ ಎಲ್ಲರಿಗೂ ಗೊತ್ತುಂಟು, ಅಲ್ಲಿಂದ ಹೊರಡುವ ದಾರಿ ಇರುವುದಿಲ್ಲ. ಊರಾದರೆ ಹೊರಡುವ ದಾರಿ ಇರ್ತದೆ. ಆ ದ್ವೀಪದಿಂದ ಹೊರಗೆ ಬರುವುದು ಹೇಗೆ, ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ಅವನೇ ಬರೆಯಲಿ. ನಾನು ನೋಡ್ತೇನೆ."

ಬರೆ. ಅಲಂಕಾರ ಬೇಡ. ಪದ ಕಟ್ಟಬೇಡ.

ರಮಾನಾಥ

ಅಣ್ಣಾ ಬಾ. ಬೀಬಿ.


ಲಮ್ಮೊಯ್
ತಾ. 10-2-1959

ಮಾಣಿಯ ಮಹಮ್ಮದ್ ಕುಂಞಿ ಸಾಹೇಬರಿಗೆ ಅಬ್ದುಲ್ ಶುಕೂರನ ಸಲಾಂ.

ತಾವು ಕೇಳಿದ ಪ್ರಕಾರ ಬರೆದಿದ್ದೇನೆ.

ಈ ದ್ವೀಪ ಉದ್ದಕ್ಕೆ ನಾಲ್ಕು ಮೈಲು, ಅಗಲಕ್ಕೆ ಒಂದೂವರೆ. ನಡುವೆ ಸೊಂಟದ ಹಾಗೆ ಸಪೂರ. ದೊಡ್ಡ ಉಬ್ಬರ ಇದ್ದಾಗ ಆ ಸೊಂಟದ ಮೇಲೆ ನೀರು ಹತ್ತಿ ದ್ವೀಪ ಎರಡಾಗುತ್ತದೆ. ಒಟ್ಟು ಹದಿನಾಲ್ಕು ಮನೆ, ಅರವತ್ತೊಂದು ಜನ, ನಾನು ಸೇರಿದರೆ ಅರವತ್ತೆರಡು. ಕುರಿಗಳನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮರ ಇಲ್ಲ, ಗಾಳಿ ಬಿಡುವುದಿಲ್ಲ. ತೆಂಕು ತುದಿಯಲ್ಲಿ ಜೆಟ್ಟಿ, ಬಡಗು ತುದಿಯಲ್ಲಿ ಶಾಲೆ ಮತ್ತು ಅವರ ಇಗರ್ಜಿ. ಇವೆರಡರ ನಡುವೆ ಜಲ್ಲಿ ರಸ್ತೆ. ಅದರ ಮೇಲೆ ಓಡುವುದು ಒಂದು ಟ್ರ್ಯಾಕ್ಟರು, ಎಂಟು ಸೈಕಲು. ಸೇತುವೆ ಇಲ್ಲ, ಬಸ್ಸು ಇಲ್ಲ, ಪೊಲೀಸನೂ ಇಲ್ಲ. ಪೊಲೀಸು ಬೇಕಾದರೆ ಟೆಲಿಫೋನು ಮಾಡಬೇಕು. ಅದು ಇರುವುದು ಅಂಚೆಯ ಮನೆಯಲ್ಲಿ. ಅಂಚೆಯ ಮನೆ ಎಂದರೆ ಇಂಗಾ ಅಮ್ಮನ ಮನೆಯೇ. ಆದ್ದರಿಂದ ನನ್ನ ಪತ್ರ ಬಂದರೆ ಊರಿಗೆಲ್ಲ ಮೊದಲು ನನಗೆ ಸಿಗುತ್ತದೆ.

ಹೊರಡುವ ದಾರಿ: ಮಂಗಳವಾರ ಮತ್ತು ಶುಕ್ರವಾರ ಸ್ಟೀಮರು ಬರುತ್ತದೆ. ಬೆಳಿಗ್ಗೆ ಆರು ನಲವತ್ತಕ್ಕೆ ನಮ್ಮ ಜೆಟ್ಟಿ ಬಿಟ್ಟು, ಇನ್ನೂ ನಾಲ್ಕು ದ್ವೀಪ ಮುಟ್ಟಿ, ಹತ್ತು ಇಪ್ಪತ್ತೈದಕ್ಕೆ ಆಚೆ ದಡದ ಪೇಟೆಗೆ ತಲುಪುತ್ತದೆ. ಅಲ್ಲಿಂದ ದೊಡ್ಡ ಬಂದರಿಗೆ ದಿನಕ್ಕೆ ಒಂದೇ ಬಸ್ಸು. ಅದು ಹತ್ತೂ ಕಾಲಿಗೆ ಹೊರಡುತ್ತದೆ. ಸ್ಟೀಮರಿನಲ್ಲಿ ಬಂದವರು ಪೇಟೆಯಲ್ಲಿ ಉಳಿದು ಮರುದಿನ ಹತ್ತೂ ಕಾಲಿಗೆ ಹೋಗಬೇಕು. ಬಸ್ಸು ಸಂಜೆ ನಾಲ್ಕಕ್ಕೆ ಬಂದರಿಗೆ ಮುಟ್ಟುತ್ತದೆ. ಅಲ್ಲಿ ನಮ್ಮ ಹಡಗು ಮಾರ್ಚಿ ಕೊನೆಯ ವಾರ ಬರುತ್ತದೆ, ಅಲ್ಲಿಂದ ಬೊಂಬಾಯಿ.

ಶನಿವಾರ ಒಂದು ಹಾಲಿನ ದೋಣಿ ಉಂಟು. ಅದರಲ್ಲಿ ಜಾಗ ಹಾಲಿನ ಕ್ಯಾನಿಗೆ, ಮನುಷ್ಯರನ್ನು ಹತ್ತಿಸುವುದು ದೋಣಿಯವನ ಮನಸ್ಸು ಚೆನ್ನಾಗಿದ್ದರೆ. ಅವನ ಮನಸ್ಸು ಚೆನ್ನಾಗಿದ್ದದ್ದನ್ನು ನಾನು ನೋಡಲಿಲ್ಲ. ಬಿರುಗಾಳಿ ಇದ್ದರೆ ಯಾವುದೂ ಇಲ್ಲ. ಜನವರಿಯಲ್ಲಿ ಹನ್ನೊಂದು ದಿನ ಯಾವುದೂ ಬರಲಿಲ್ಲ.

ಡಾಕ್ಟರು ಕಳೆದ ವಾರ ನೋಡಿ, ಮಾರ್ಚಿ ತಿಂಗಳಲ್ಲಿ ಹೋಗಬಹುದು ಎಂದರು. ಎಡಗಾಲು ಅರ್ಧ ಇಂಚು ಗಿಡ್ಡವಾಗಿ ಉಳಿಯುತ್ತದಂತೆ. ನಡೆಯುವಾಗ ಕುಂಟು ಕಾಣುತ್ತದೆ. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬಿಟ್ಟು ಬರೆದದ್ದರಿಂದ ಏನಾಯಿತೆಂದು ಈಗ ನನಗೆ ಗೊತ್ತುಂಟು.

ಸಾಹೇಬರೇ, ನನ್ನ ಮೇಲೆ ಸಂಶಯ ಇದ್ದರೆ ಇರಲಿ. ನನ್ನ ತಂಗಿ ಏನೂ ಮಾಡಲಿಲ್ಲ.

ಶುಕೂರ್


ಮಾಣಿ
ತಾ. 4-3-1959

ಅಬ್ದುಲ್ ಶುಕೂರನಿಗೆ,

ಕಾಗದ ಬಂತು. ನಾಲ್ಕು ಸಲ ಓದಿದೆ.

ನಿನ್ನ ಸ್ಟೀಮರು ತಲುಪುವುದು ಹತ್ತು ಇಪ್ಪತ್ತೈದಕ್ಕೆ, ಬಸ್ಸು ಹೋಗುವುದು ಹತ್ತು ಹದಿನೈದಕ್ಕೆ. ಹತ್ತು ನಿಮಿಷಕ್ಕೆ ತಪ್ಪುತ್ತದೆ. ಇದನ್ನು ಓದಿದ ಕೂಡಲೇ ನನ್ನ ಸಂಶಯ ಹೋಯಿತು. ಸುಳ್ಳು ಬರೆಯುವವನು ಬಸ್ಸನ್ನು ಹತ್ತೂ ಮುಕ್ಕಾಲಿಗೆ ಇಡುತ್ತಿದ್ದ. ಸ್ಟೀಮರು ಬರುವ ಹತ್ತು ನಿಮಿಷ ಮೊದಲು ಬಸ್ಸು ಬಿಡುವುದು ನಿಜವಾದ ಊರಿನಲ್ಲಿ ಮಾತ್ರ. ನಮ್ಮ ಮಾಣಿಯಲ್ಲಿಯೂ ಉಪ್ಪಿನಂಗಡಿ ಕಡೆಯಿಂದ ಸಂಜೆಯ ಬಸ್ಸು ಐದು ಐವತ್ತಕ್ಕೆ ಬರುತ್ತದೆ, ಮಂಗಳೂರಿಗೆ ಕಡೆಯ ಬಸ್ಸು ಐದು ನಲವತ್ತಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷದಿಂದ ಜನ ನನಗೆ ಬೈಯುತ್ತಿದ್ದಾರೆ. ನಾನು ಇಪ್ಪತ್ತು ವರ್ಷದಿಂದ ಸೀಟಿ ಹಾಕುತ್ತಿದ್ದೇನೆ.

ಕುಂಟಿನ ವಿಷಯ ಬರೆದದ್ದು ಒಳ್ಳೆಯದಾಯಿತು. ನಿಕಾಹಿಗೆ ವಲಿ ಕೂರಬೇಕು, ಓಡಬೇಕಾಗಿಲ್ಲ.

ಪೆರ್ನಾಲ್ ಹಬ್ಬ ಕಳೆದ ಮೇಲೆ ಎಪ್ರಿಲ್ 26, ಆದಿತ್ಯವಾರ ಎಂದು ನಿನ್ನ ಉಮ್ಮನೊಂದಿಗೆ ಮಾತಾಗಿದೆ. ನೀನು ಬಂದರೆ ಮಾತ್ರ. ಬೊಂಬಾಯಿಯಲ್ಲಿ ಇಳಿದು ತಂತಿ ಕೊಡು, ಬರುವ ಬಸ್ಸು ಯಾವುದೆಂದು ತಿಳಿಸು.

ಜನರ ಬಾಯಿಯ ಮಾತು ಕೇಳಿ ಒಂದು ಹುಡುಗಿಯನ್ನು ನಾಲ್ಕು ತಿಂಗಳು ಕಾಯಿಸಿದೆ. ಅದು ನನ್ನ ತಪ್ಪು. ಅವಳಿಗೂ ಹೇಳಿದ್ದೇನೆ.

ಮಹಮ್ಮದ್ ಕುಂಞಿ


ನಡುಕುದ್ರು
ತಾ. 3-5-1959

ಲಮ್ಮೊಯ್ ಕುದ್ರುವಿನ ಇಂಗಾ ಅಮ್ಮನಿಗೆ ನಡುಕುದ್ರುವಿನ ಬೀಯಮ್ಮ ಹೇಳಿ ಬರೆಸುವುದು.

ನಾನು ಹೇಳುವುದನ್ನು ಮಾಷ್ಟ್ರು ಕನ್ನಡದಲ್ಲಿ ಬರೆಯುತ್ತಾರೆ, ಶುಕೂರ ಅದನ್ನು ಇಂಗ್ಲಿಷು ಮಾಡುತ್ತಾನಂತೆ, ನಿಮ್ಮ ಊಲಾಫ್ ಅದನ್ನು ನಿಮ್ಮ ಭಾಷೆ ಮಾಡುತ್ತಾನಂತೆ. ಮೂರು ಗಂಡಸರ ಕೈ ದಾಟಿ ಬರುವ ಮಾತು. ಎಲ್ಲಿಯಾದರೂ ಕೆಟ್ಟರೆ ಅದು ನಾನು ಹೇಳಿದ್ದಲ್ಲ ಎಂದು ತಿಳಿಯಿರಿ.

ನಿಮ್ಮ ಕೈಯಲ್ಲಿ ಇದ್ದವನು ನನ್ನ ಕೈ ಸೇರಿದ. ಹೇಗೆಂದರೆ, ಎಪ್ರಿಲ್ 25, ಶನಿವಾರ. ಮರುದಿನ ನಿಕಾಹು. ಚಪ್ಪರ ಹಾಕಿ ಆಗಿತ್ತು, ಅಕ್ಕಿ ನೆನೆಹಾಕಿ ಆಗಿತ್ತು, ವಲಿ ಮಾತ್ರ ಇರಲಿಲ್ಲ. ಉಪ್ಪಿನಂಗಡಿ ಕಡೆಯ ಸಂಜೆ ಬಸ್ಸಿಗೆ ಬರುತ್ತೇನೆಂದು ತಂತಿ ಕೊಟ್ಟಿದ್ದ. ಅದು ಮಾಣಿಯಲ್ಲಿ ಕಡೆಯ ಬಸ್ಸಿಗೆ ಸಿಗದ ಬಸ್ಸು. ಮೊದಲೇ ಕಾಲು ಹಾಗೆ, ಮಾಣಿಯಿಂದ ಹೇಗೆ ನಡೆದಾನು ಎಂದು ನಾನು ಮಧ್ಯಾಹ್ನದಿಂದ ಜಗಲಿಯಲ್ಲಿ ಕೂತವಳು ಏಳಲಿಲ್ಲ.

ಅತ್ತ ಮಾಣಿಯಲ್ಲಿ ಏನಾಯಿತೆಂದು ಅಬ್ದುಲ್ ರಹಿಮಾನ್, ಈಗ ನನ್ನ ಅಳಿಯ, ಹೇಳಿದ. ಐದು ನಲವತ್ತಾಯಿತು. ಮಹಮ್ಮದ್ ಕುಂಞಿ ಸಾಹೇಬರು ಸೀಟಿಯನ್ನು ಬಾಯಿಗೆ ಇಟ್ಟರು, ಊದಲಿಲ್ಲ. ಐದು ಐವತ್ತಾಯಿತು. ಉಪ್ಪಿನಂಗಡಿಯ ಬಸ್ಸೂ ಬರಲಿಲ್ಲ. ಡ್ರೈವರು ಇಳಿದು ಬಂದ. ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ, "ಏನು ಸಾಹೇಬರೇ, ಗಡಿಯಾರ ನಿಂತಿತಾ?" ಎಂದರು. ಒಬ್ಬ ಮುದುಕ ಹಟ ಹಿಡಿದ, "ಹೋದ ವರ್ಷ ನನ್ನ ಹೆಂಡತಿ ಇಪ್ಪತ್ತು ಮಾರು ದೂರದಿಂದ ಓಡಿ ಬರುವಾಗ ಬಿಟ್ಟಿರಲ್ಲ, ಇವತ್ತು ಯಾರಿಗೆ ನಿಲ್ಲಿಸಿದ್ದು?"

ಆಗ ಸಾಹೇಬರು ಹೇಳಿದರಂತೆ, "ಕೂತ್ಕೊಳ್ಳಿ ಮಾರಾಯ್ರೆ, ಕೂತ್ಕೊಳ್ಳಿ. ಒಬ್ಬನಿಗೆ ದ್ವೀಪದಿಂದ ಬರ್ಲಿಕ್ಕೆ ಉಂಟು."

ಬಸ್ಸಿನೊಳಗೆ ಎಲ್ಲರಿಗೂ ಆ ಕತೆ ಗೊತ್ತಿತ್ತು. ಅದನ್ನು ಊರಿಗೆಲ್ಲ ಹಂಚಿದವರು ಅವರೇ ಅಲ್ಲವೇ? ಕಿಟಕಿಯ ತಲೆಗಳೆಲ್ಲ ಒಳಗೆ ಹೋದವಂತೆ. ಆರು ಗಂಟೆ ಐದು ನಿಮಿಷಕ್ಕೆ ನನ್ನ ಮಗ ಉಪ್ಪಿನಂಗಡಿಯ ಬಸ್ಸಿನಿಂದ ಇಳಿದು ಕುಂಟಿಕೊಂಡು ಬಂದಾಗ, ಹೆಂಡತಿಯನ್ನು ಬಿಟ್ಟು ಹೋದದ್ದಕ್ಕೆ ಬೈದಿದ್ದ ಆ ಮುದುಕನೇ ಎದ್ದು ಸೀಟು ಕೊಟ್ಟನಂತೆ. ಸಾಹೇಬರು ಶುಕೂರನನ್ನು ನೋಡಿ ಸಲಾಂ ಕೂಡ ಹೇಳಲಿಲ್ಲ. ಸೀಟಿ ಊದಿದರು. ಬಸ್ಸು ಹೊರಟ ಮೇಲೆ ರುಮಾಲಿನಿಂದ ಕಣ್ಣು ಒರೆಸಿಕೊಂಡರು ಎಂದು ಅಳಿಯ ಹೇಳುತ್ತಾನೆ. ಧೂಳು ಇದ್ದಿರಬಹುದು.

ಮಗ ಬಂದ ಮೇಲೆ ಮೊದಲು ಕಾಲು ನೋಡಿದೆ. ಚೆನ್ನಾಗಿ ಕೂಡಿದೆ ಇಂಗಾ ಅಮ್ಮ. ಅರ್ಧ ಇಂಚು ಏನು ದೊಡ್ಡದು? ಮರುದಿನ ಅವನು ವಲಿಯಾಗಿ ಕೂತು ತಂಗಿಯ ನಿಕಾಹು ಮಾಡಿಕೊಟ್ಟ. ಬೀಬಿ ಹೋಗುವಾಗ ಅತ್ತಳು, ದೋಣಿ ನಡುಹೊಳೆಗೆ ಹೋದಾಗ ನಗುತ್ತಿದ್ದಳು. ಚಿನ್ನಯ್ಯ ನೋಡಿದ್ದಾನೆ.

ಇನ್ನು ನಾನು ಈ ಪತ್ರ ಬರೆಸಿದ್ದು ಯಾಕೆಂದರೆ, ಆ ಬೂಟಿನ ವಿಷಯ. ಮಗ ಹೇಳದೆ ಹಡಗಿಗೆ ಹೋದ ದಿನದಿಂದ, ಅವನ ಚಪ್ಪಲಿ ನಾನು ಯಾಕೆ ಅಡಗಿಸಿ ಇಡಲಿಲ್ಲ ಎಂದು ಮೂರು ವರ್ಷ ನನ್ನನ್ನೇ ಬೈದುಕೊಂಡೆ. ನಾನು ಮಾಡದೆ ಬಿಟ್ಟ ಕೆಲಸವನ್ನು ನೀವು ಅಷ್ಟು ದೂರದಲ್ಲಿ ಮಾಡಿದಿರಿ. ನೀವು ಯಾರೋ, ನಾನು ಯಾರೋ. ನಿಮಗೆ ಅಲ್ಲಾಹನು ಒಳ್ಳೆಯದು ಮಾಡಲಿ. ಜೂನಿನಲ್ಲಿ ಅವನು ಮತ್ತೆ ಹಡಗಿಗೆ ಹೋಗುತ್ತಾನಂತೆ. ಈ ಸಲ ಕೇಳಿದ. ಹೋಗು ಎಂದೆ. ಚಪ್ಪಲಿ ನಾನೇ ತೊಳೆದು ಇಟ್ಟಿದ್ದೇನೆ.

ನೀವು ಒಮ್ಮೆ ನಮ್ಮಲ್ಲಿಗೆ ಬರಬೇಕು. ದಾರಿ ಹೇಳುತ್ತೇನೆ. ಮಂಗಳವಾರವೋ ಶುಕ್ರವಾರವೋ ನಿಮ್ಮ ಸ್ಟೀಮರು ಹತ್ತಿ. ಆಚೆ ಪೇಟೆಯಲ್ಲಿ ಬಸ್ಸು ತಪ್ಪುತ್ತದೆ, ಬೇಸರ ಮಾಡಬೇಡಿ, ಮರುದಿನ ಉಂಟು. ಹಡಗಿನಲ್ಲಿ ಬೊಂಬಾಯಿ, ಅಲ್ಲಿಂದ ರೈಲು, ಆಮೇಲೆ ಬಸ್ಸಿನಲ್ಲಿ ಘಟ್ಟ ಇಳಿದರೆ ಮಾಣಿ. ಅಲ್ಲಿ ಗಡಿಬಿಡಿ ಬೇಡ, ನಿಮ್ಮ ಹೆಸರು ಹೇಳಿದರೆ ಬಸ್ಸು ನಿಲ್ಲುತ್ತದೆ. ಪಾಣೆಮಂಗಳೂರಿನಲ್ಲಿ ಇಳಿದು ಶೀನಪ್ಪನ ಹೋಟೆಲಿನ ಪಕ್ಕದಿಂದ ಹೊಳೆಯ ಕಡೆ ಬನ್ನಿ. ಎದುರಿಗೆ ಏಳು ಮನೆ ಕಾಣುತ್ತದೆ.

ಭಾಷೆ ಬರುವುದಿಲ್ಲವಲ್ಲ ಎಂದು ಹೆದರಬೇಡಿ. ಕಡವಿನಲ್ಲಿ ನಿಂತು ನಿಮ್ಮ ಊರಿನ ಹೆಸರಿನ ಕೊನೆಯ ಆ 'ಒಯ್' ಮಾತ್ರ ಗಟ್ಟಿಯಾಗಿ ಕೂಗಿದರೆ ಸಾಕು, ಚಿನ್ನಯ್ಯ ದೋಣಿ ತರುತ್ತಾನೆ.

ಬೀಯಮ್ಮ
(ಹೆಬ್ಬೆಟ್ಟಿನ ಗುರುತು)